ಹರಳೆಣ್ಣೆಯ ಬ್ರೇಕು

ಕಳೆದ ವಾರ ಚಾಮರಾಜನಗರದ ಗ್ಯಾರೇಜಿನಲ್ಲಿ ನನ್ನ ಕಾರಿನ ಹಿಂದಿನ ಚಕ್ರದ ಕ್ಯಾಲಿಪರ್ ಬದಲಾಯಿಸುತ್ತಿದ್ದರು. ಹೆಸರು ಕೇಳಿ ಗಾಬರಿಯಾಗಬೇಡಿ. ಬ್ರೇಕ್ ಒತ್ತಿದಾಗ ಚಕ್ರದ ತಟ್ಟೆಯನ್ನು ಇಕ್ಕಳದಂತೆ ಹಿಡಿಯುವ ಸಾಮಾನು ಅದು. ಮೆಕ್ಯಾನಿಕ್ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆ ಬಂದದ್ದೇ ನಾನು ಕುರ್ಚಿ ಬಿಟ್ಟು ಹೊರಗೆ ಹೋಗಿ ನಿಂತೆ. ಇಷ್ಟು ವರ್ಷವಾದರೂ ಅದು ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ.

ತೊಂಬತ್ತರ ದಶಕದ ಮಾತು. ಕುದೇರಿನ ನನ್ನ ಅತ್ತೆಯ ಮನೆಯಲ್ಲಿ ಹಳೆಯ ಜೀಪೊಂದಿತ್ತು. ಹ್ಯಾಂಡ್ ಬ್ರೇಕ್ ನನ್ನ ಮದುವೆಗೂ ಮುಂಚೆಯೇ ಕೈಕೊಟ್ಟಿತ್ತು. ಅದರ ರಿಪೇರಿಗೆ ಬರುತ್ತಿದ್ದವನು ಮಾದೇವಣ್ಣ. ಯಾವ ಗಾಡಿಯ ಬ್ರೇಕಿಗೆ ಕೈ ಹಾಕಿದರೂ, ಅದು ಮೊದಲ ಸಲ ಬೆಟ್ಟ ಇಳಿಯುವಾಗ ತಾನೂ ಹಿಂದೆ ಕೂರುವುದು ಅವನ ಪದ್ಧತಿ. ಚಕ್ರಕ್ಕೆ ಒಡ್ಡಲೆಂದು ಕಾಲಬುಡದಲ್ಲಿ ಕ್ವಾರಿಯ ಕರಿಕಲ್ಲಿನ ತುಂಡೊಂದು ಇರುತ್ತಿತ್ತು. "ನಾ ಮಾಡಿದ್ ಬ್ರೇಕ್‌ನ ನಾನೇ ನಂಬ್ನಿಲ್ಲ ಅಂದ್ರೆ ನೀವ್ಯಾಕೆ ನಂಬೀರಿ?" ಅನ್ನುತ್ತಿದ್ದ.

ಮಗಳಿಗೆ ವರ್ಷ ತುಂಬಿದಾಗ ಗೋಪಾಲಸ್ವಾಮಿ ಬೆಟ್ಟಕ್ಕೆ ಬರುವುದಾಗಿ ಅತ್ತೆ ಹರಕೆ ಹೊತ್ತಿದ್ದರು. ಹೊರಡುವ ಹಿಂದಿನ ದಿನ ನೋಡಿದರೆ ಜೀಪಿನ ಹಿಂದಿನ ಚಕ್ರದಲ್ಲಿ ಎಣ್ಣೆ ಸೋರುತ್ತಿದೆ. ಆ ಜೀಪಿಗೆ ಕ್ಯಾಲಿಪರ್ ಎಲ್ಲಿಯದು. ಡ್ರಮ್ಮಿನೊಳಗೆ ಪುಟ್ಟ ಸಿಲಿಂಡರ್. ಮಾದೇವಣ್ಣ ಹೊಸದನ್ನು ಕೂಡಿಸಿ, ಪೈಪಿನೊಳಗಿನ ಗಾಳಿ ತೆಗೆಯಲು ಜೀಪಿನಡಿ ನುಗ್ಗಿದ. ಮೇಲೆ ಪೆಡಲ್ ತುಳಿಯುವುದು, ಎಣ್ಣೆ ಇಳಿದಂತೆಲ್ಲ ಸುರಿಯುವುದು ನನ್ನ ಪಾಲಿಗೆ ಬಂತು. ಎರಡನೆಯ ಸಲಕ್ಕೇ ಕೈ ತಾಗಿ ಡಬ್ಬಿ ಉರುಳಿತು, ಎಣ್ಣೆಯೆಲ್ಲ ಮಣ್ಣುಪಾಲು. ಯಾರೂ ನೋಡಲಿಲ್ಲ. ಓದಿದ ಅಳಿಯನಿಗೆ ಒಂದು ಡಬ್ಬಿ ಹಿಡಿಯಲು ಬರುವುದಿಲ್ಲ ಅನ್ನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬ್ರೇಕ್ ಆಯಿಲ್‌ಗೆ ಹರಳೆಣ್ಣೆ ಸೇರಿಸುತ್ತಾರೆಂದು ಎಲ್ಲೋ ಓದಿದ್ದೆ. ಅತ್ತೆ ಹರಳು ಕುಟ್ಟಿ, ನೀರಿನಲ್ಲಿ ಬೇಯಿಸಿ ತೆಗೆದ ಎಣ್ಣೆಯ ಬಾಟಲಿ ಜಗುಲಿಯ ಗೂಡಿನಲ್ಲೇ ಇತ್ತು. ಸುರಿದುಬಿಟ್ಟೆ. ಅದರಲ್ಲಿ ನೀರಿನಂಶ ಉಳಿದಿರುತ್ತದೆ, ಬ್ರೇಕ್ ಕಾದಾಗ ಅದು ಆವಿಯಾಗಿ ಪೆಡಲ್ ಕುಸಿಯುತ್ತದೆ ಎಂಬುದು ನಾನು ಓದಿದ್ದರಲ್ಲಿ ಇರಲಿಲ್ಲ.

ಗುಂಡ್ಲುಪೇಟೆ ದಾಟಿ ಬೆಟ್ಟ ಹತ್ತಿದೆವು, ಪೂಜೆ ಮುಗಿಯಿತು. ಇಳಿಯುವಾಗ ಮೂರನೆಯ ತಿರುವಿನಲ್ಲಿ ನಾನು ಒತ್ತಿದ ಬ್ರೇಕ್ ಪೆಡಲ್ ಸೀದಾ ನೆಲ ಮುಟ್ಟಿತು. ಪಕ್ಕದಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಮಗು, ಹಿಂದೆ ಅತ್ತೆ ಮತ್ತು ಮಾದೇವಣ್ಣ. ಮತ್ತೆ ಮತ್ತೆ ತುಳಿದೆ, ಹಿಡಿಯಲಿಲ್ಲ. "ಗೇರ್ ಇಳ್ಸಿ, ಗೇರ್ ಇಳ್ಸಿ!" ಎಂದು ಕೂಗಿದ ಮಾದೇವಣ್ಣ, ನಾನು ಗೇರ್ ಇಳಿಸಿ ವೇಗ ತಗ್ಗಿದ್ದೇ ಹಿಂದಿನಿಂದ ಹಾರಿ, ಓಡಿ ಬಂದು ಚಕ್ರಕ್ಕೆ ಕಲ್ಲು ಒಡ್ಡಿದ. ಜೀಪು ನಿಂತಿತು. ಅವನ ಬಲಗೈಯ ಎರಡು ಬೆರಳು ನಡುವೆ ಸಿಕ್ಕಿ ಜಜ್ಜಿದ್ದವು.

ಅತ್ತೆ ಇಳಿದು ಬಂದರು. "ಏನ್ಲಾ ಮಾದೇವ, ಮಗೀನ ಸಾಯಿಸ್ಬುಡ್ತಿದ್ದಲ್ಲೋ! ಇದೇನ್ಲಾ ನಿನ್ ಕೆಲ್ಸ?"

ಅವನು ಜೀಪಿನ ಬ್ರೇಕ್ ಎಣ್ಣೆಯ ಮುಚ್ಚಳ ಬಿಚ್ಚಿ, ಎಡಗೈ ಬೆರಳದ್ದಿ ಮೂಸಿದ. ಒಮ್ಮೆ ನನ್ನನ್ನು ನೋಡಿದ.

"ಊಂ ಕಣವ್ವ, ನನ್ ಕೈಯಿಂದ್ಲೇ ತೆಪ್ಪಾಗೋಯ್ತು."

ನಾನು ಬಾಯಿ ಬಿಡಲಿಲ್ಲ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ಒಂದು ಮಾತೂ ಆಡಲಿಲ್ಲ. ಸುದ್ದಿ ಊರೂರಿಗೆ ಹಬ್ಬಿತು. ಆಮೇಲೆ ಅವನ ಕೈಗೆ ಯಾರೂ ಬ್ರೇಕಿನ ಕೆಲಸ ಕೊಡಲಿಲ್ಲ. ಬೆರಳು ಮಡಿಸಲು ಬಾರದೆ ಕೊನೆಗೆ ಬರೀ ಪಂಕ್ಚರ್ ಹಾಕಿಕೊಂಡಿದ್ದ. ಅವನು ತೀರಿಕೊಂಡೂ ಬಹಳ ವರ್ಷವಾಯಿತು. ಅತ್ತೆ ಮಾತ್ರ ನಾನು ಕಾರು ಹತ್ತುವಾಗಲೆಲ್ಲ ಮೊನ್ನೆ ಮೊನ್ನೆಯವರೆಗೂ ಹೇಳುತ್ತಿದ್ದರು: "ಆ ಮಾದೇವನಂತೋರ್ ಕೈಗೆ ಗಾಡಿ ಕೊಡಬ್ಯಾಡ ಕಣಪ್ಪ."

ಕಳೆದ ವಾರ ಗ್ಯಾರೇಜಿನಿಂದ ನಾನು ಮನೆಗೆ ಹೋಗಲಿಲ್ಲ, ಕುದೇರಿಗೆ ಹೋದೆ. ಜಗುಲಿಯಲ್ಲಿ ಕೂತಿದ್ದ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಗೂಡಿನ ಕಡೆ ತಿರುಗಿ ನೋಡಿದರು.

"ಅವತ್ತು ಮನೀಗ್ ಬಂದ್ಮೇಲೆ ಬೆರಳ್ಗೆ ಅಚ್ಕೊ ಅಂತ ಮಾದೇವಂಗೆ ಅದೇ ಬಾಟ್ಲಿ ಕೊಡಕ್ಕೋದೆ ಕಣಪ್ಪ. ಮೂಸ್ ನೋಡ್ದ. 'ಇದ ಒಳಿಕ್ಕೆ ಮಡಗವ್ವ, ಅಳೀಮಯ್ಯನ ಕಣ್ಗೆ ಬೀಳ್ದಂಗೆ' ಅಂದ. ಯಾಕಂದ ಅಂತ ಈಗ ಗೊತ್ತಾಯ್ತು."

ಆಮೇಲೆ ಕೋಲಿಗೆ ಕೈ ಚಾಚಿದರು. "ಅವ್ನೆಡ್ತಿ ಚಂದಕವಾಡೀಲವ್ಳೆ. ಎದ್ದೇಳು, ಓಗನ. ಅವ್ಳ ಮುಂದ್ಕೂ ಯೋಳು. ನಾನೂ ಒಂದ್ ಮಾತ್ ಯೋಳ್ಬೇಕು."

ಎದ್ದೆ. ಹೋಗಿ ಕಾರಿನ ಬಾಗಿಲು ಅವರಿಗೆ ತೆರೆದೆ.