ಬೂಬವ್ವನ ಮನೆ

ನಮ್ಮ ಪಕ್ಕದ ಮನೆಯನ್ನು ಕೆಡವುತ್ತಿದ್ದಾರೆ. ಧೂಳು ಏಳದಿರಲೆಂದು ಗೋಡೆಗೆ ನೀರು ಹೊಡೆದಾಗ ಹಳೆಯ ಸುಣ್ಣದ, ಹಳೆಯ ಮಣ್ಣಿನ ವಾಸನೆ ನನ್ನ ಕಟ್ಟೆಯವರೆಗೂ ಬಂತು. ಎದ್ದು ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ನೀವೂ ಸ್ವಲ್ಪ ಕೂತುಕೊಳ್ಳಿ.

ಉದಗೀರಿನ ಈ ಓಣಿಗೆ ಈಗ ಯಾವುದೋ ನಗರವೆಂಬ ಹೆಸರಿದೆ. ನನ್ನ ಬಾಲ್ಯದಲ್ಲಿ ಇದು ರಂಗರೇಜ ಗಲ್ಲಿ. ಬಟ್ಟೆಗೆ ಬಣ್ಣ ಹಾಕುವ ಮುಸಲ್ಮಾನರ ಮನೆಗಳೇ ಹೆಚ್ಚು. ನಡುನಡುವೆ ನಮ್ಮಂಥ ಹೊಲ ಮಾಡುವ ಲಿಂಗವಂತರು. ಗಟಾರದಲ್ಲಿ ಒಂದು ದಿನ ಕೆಂಪು ನೀರು ಹರಿದರೆ ಮರುದಿನ ನೀಲಿ. ಅದನ್ನು ತುಳಿದುಕೊಂಡೇ ನಾನೊಮ್ಮೆ ಮಠಕ್ಕೆ ಹೋಗಿದ್ದೆ. ಅಯ್ಯನವರು ನನ್ನ ಕಾಲು ನೋಡಿ, “ನೀಲಕಂಠನ ಹೆಸರು ದಿನಾ ತಗೋತೀನಿ, ನೀಲಪಾದನ್ನ ಇವತ್ತೇ ನೋಡ್ದೆ ನೋಡಪಾ!” ಎಂದು ನಕ್ಕಿದ್ದರು.

ಈಗ ಕೆಡವುತ್ತಿರುವ ಮನೆ ಬೂಬವ್ವನದು. ಅವಳ ಕನ್ನಡ ನಮ್ಮವ್ವನದಕ್ಕಿಂತ ಜೋರು. ಅವ್ವ ಜ್ವರ ಬಂದು ಮಲಗಿದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದಾಗ ಗಲ್ಲಿಯ ಮುಸಲ್ಮಾನರೆಲ್ಲ ಹೆದರಿ ಮನೆ ಖಾಲಿ ಮಾಡಿದರು. “ಗದ್ಲ ನಿಂತ ಮ್ಯಾಲ ಬರ್ತೀವಿ ಯಕ್ಕಾ, ಅಲ್ಲೀತನಕಾ ಮನಿ ನಿಮ್ದು” ಎಂದು ಅವ್ವನ ಕೈಯಲ್ಲಿ ಕೀಲಿಕೈ ಇಟ್ಟು ಅವಳೂ ಬೀದರ ಕಡೆ ಹೋದಳು.

ಮನೆಗಳು ಬಹಳ ದಿನ ಖಾಲಿ ಇರಲಿಲ್ಲ. ಅಂಗಡಿಯವರು ಬಂದರು, ಗುಮಾಸ್ತರು ಬಂದರು. “ಹಂಗೇ ಬಿಟ್ಟರ ಬೀಳ್ತದ” ಎಂದು ಅಪ್ಪ ಬೂಬವ್ವನ ಮನೆಯನ್ನು ಪರವೂರಿನ ಹೆಡ್‌ಮಾಸ್ತರರೊಬ್ಬರಿಗೆ ಇರಲು ಬಿಟ್ಟುಕೊಟ್ಟರು. ಮುಂದೆ ಅಪ್ಪ, ಅವ್ವ ಇಬ್ಬರೂ ತೀರಿಕೊಂಡರು. ಬೀದರ ಅತ್ತ ಕನ್ನಡ ನಾಡಿಗೆ, ಉದಗೀರ ಇತ್ತ ಮರಾಠಿ ನಾಡಿಗೆ ಎಂದು ಜಿಲ್ಲೆ ಹಂಚಿಹೋದ ಕಾಲಕ್ಕೆ ನಾನು ಮೆಟ್ರಿಕ್ ಮುಗಿಸಿ ಆ ಮಾಸ್ತರರ ಶಾಲೆಯಲ್ಲಿ ನೌಕರಿಗಾಗಿ ಕಾಯುತ್ತಿದ್ದೆ. ಉರ್ದುವಿನಲ್ಲಿ ಓದಿದವನು, ಅವರೆದುರು ಆಡಬೇಕಾದ ಮರಾಠಿಯನ್ನು ಮೊದಲು ಕೊಟ್ಟಿಗೆಯ ದೇವಣಿ ತಳಿಯ ಹಸುವಿನ ಮುಂದೆ ಆಡಿ ನೋಡುತ್ತಿದ್ದೆ.

ಆಗ ಒಂದು ಮಧ್ಯಾಹ್ನ ಬೂಬವ್ವ ಬಂದು ತನ್ನ ಬಾಗಿಲ ಮುಂದೆ ನಿಂತಳು. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು.

“ತಮ್ಮಾ, ಇವರಿಗಿ ಹೇಳಪ್ಪಾ, ಇದು ನಮ್ ಮನಿ ಅಂತ.”

ಮಾಸ್ತರರು ನನ್ನ ಕಡೆ ತಿರುಗಿದರು. “ಹ್ಯಾ ಕೋಣ?” ಯಾರೀಕೆ ಎಂದು.

“ಮಾಹೀತ ನಾಹೀ,” ಅಂದೆ. ಗೊತ್ತಿಲ್ಲ.

ಅವಳಿಗೂ ಮರಾಠಿ ತಿಳಿಯುತ್ತಿತ್ತು. ನನ್ನನ್ನೇ ನೋಡುತ್ತ, “ಭಾಳ ಛಲೋ ಕಲ್ತೀದಿ ತಮ್ಮಾ, ಮರಾಠಿ,” ಅಂದಳು. ಬಂದ ದಾರಿಯಲ್ಲೇ ಹೊರಟುಹೋದಳು. ನನಗೆ ನೌಕರಿ ಸಿಕ್ಕಿತು. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಪಾಠ ಹೇಳುತ್ತಲೇ ನಿವೃತ್ತನಾದೆ.

ಆ ಮನೆ ಆಮೇಲೆ ಎಷ್ಟೋ ಕೈ ದಾಟಿತು. ಈಗ ಅದನ್ನು ಕೊಂಡವನು ಇಂದು ನನ್ನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಮೊದಲು ಈ ಮನೆ ಯಾರದಿತ್ತು ಕಾಕಾ, ಎಂದು ಮರಾಠಿಯಲ್ಲಿ ಕೇಳಿದ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ; ನಾನಾಗಿಯೂ ಹೇಳಿರಲಿಲ್ಲ. ಎದೆ ಗಟ್ಟಿ ಮಾಡಿಕೊಂಡು, ಬೂಬವ್ವನದು, ಅಂದೆ.

“ತ್ಯಾಂಚಂ ನಾವ ಕಾಯ?” ಅವನಿಗೆ ಹೆಸರು ಬೇಕಿತ್ತು.

ಬೂಬವ್ವ ಎನ್ನುವುದು ಹೆಸರಲ್ಲ. ಗಲ್ಲಿಯ ಯಾವ ಮುಸಲ್ಮಾನ ಹೆಂಗಸನ್ನಾದರೂ ನಾವು ಹಾಗೆ ಕರೆಯುತ್ತಿದ್ದೆವು. ನನ್ನನ್ನು ಹೊತ್ತು ತಿರುಗಿದವಳ ಹೆಸರನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬಲ್ಲವರು ಈ ಓಣಿಯಲ್ಲಿ ಒಬ್ಬರೂ ಉಳಿದಿಲ್ಲ. “ಮಾಹೀತ ನಾಹೀ,” ಅಂದೆ. ಅವನು ಚಹಾದ ಕಪ್ ಕೆಳಗಿಟ್ಟು ಕೆಲಸ ನೋಡಲು ಎದ್ದ.