ಎರಡು ತಾಸಿನ ಕೋಟು

ನನ್ನ ಎಸ್ಸೆಸ್ಸೆಲ್ಸಿ ಗುಂಪು ಫೋಟೋ ನೋಡಿದ ಕಾಲೇಜು ಗೆಳೆಯರು ನನ್ನನ್ನು ಸಾಹುಕಾರರ ಮನೆ ಹುಡುಗ ಎನ್ನುತ್ತಾರೆ. ಪುರಾವೆ ಏನೆಂದು ಕೇಳಿದರೆ ನಾನು ಹಾಕಿರುವ ಕೋಟನ್ನು ತೋರಿಸುತ್ತಾರೆ. ಈ ವಾದದಲ್ಲಿ ಹುರುಳಿಲ್ಲ. ನಮ್ಮ ಹಳ್ಳಿ ಬಾದನಹಟ್ಟಿಯ ಮನೆಯಲ್ಲಿ ಯಾರೂ ಕೋಟು ಹೊಲಿಸಿದವರಲ್ಲ.

ಉಡುಪಿನಿಂದ ಮನುಷ್ಯನನ್ನು ಅಳೆಯಬಾರದೆಂದು ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಗೆದ್ದವನು ನಾನೇ. ಆದರೂ ಫೋಟೋದ ದಿನ ಒಗೆದಿಟ್ಟ ಖಾದಿ ಅಂಗಿ ಯಾಕೋ ಸಾಲದೆನಿಸಿತು. ಬಳ್ಳಾರಿಯ ಕೌಲ್ ಬಜಾರಿನ ದರ್ಜಿ ಹುಸೇನ್‌ಸಾಬರನ್ನು ಕಾಡಿ ಬೇಡಿ, ಅವರು ಯಾರಿಗೋ ಹೊಲಿಯುತ್ತಿದ್ದ ಕೋಟನ್ನು ಎರಡು ತಾಸಿಗೆ ಕೇಳಿ ತಂದೆ. “ಸಂಜಿಗೆ ಗಿರಾಕಿ ಬರ್ತಾರ ಬೇಟಾ, ಅಷ್ಟರಾಗ ತಂದುಕೊಡು” ಎಂದಿದ್ದರು.

ಅದೇ ಊರಿನ ನಮ್ಮ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತೆವು. ಎಲ್ಲರೂ ಕೈಕಟ್ಟಿ ನಿಲ್ಲಬೇಕೆಂದು ಫೋಟೋದವನು ಕೂಗಿದ. ನಾನು ತೋಳು ಎತ್ತುವಷ್ಟರಲ್ಲಿ, ಮುಂದಿನ ಕುರ್ಚಿಯಲ್ಲಿ ಮಾಸಿದ ಹಳೆಯ ಕೋಟಿನಲ್ಲಿ ಕುಳಿತಿದ್ದ ಲೆಕ್ಕದ ಮೇಷ್ಟ್ರು ಹಿಂದಕ್ಕೆ ತಿರುಗಿ, ನನಗಷ್ಟೇ ಕೇಳುವಂತೆ ಹೇಳಿದರು:

“ಲೇ, ಕೈ ಕಟ್ಟಬ್ಯಾಡ. ಕಂಕುಳದಾಗ ಇನ್ನೂ ಕಚ್ಚಾ ಹೊಲಿಗಿ ಐತಿ, ಬಿಚ್ಚಿಕೊಂಡೀತು. ನಿನ್ನೆ ನಾನೇ ಹಾಕ್ಕೊಂಡು ನೋಡಿ ಬಂದೀನಿ.”

ಎತ್ತಹೊರಟ ತೋಳನ್ನು ಮೆಲ್ಲಗೆ ಇಳಿಸಿದೆ. ಅವರು ಕ್ಯಾಮೆರಾದ ಕಡೆ ತಿರುಗಿ ನೆಟ್ಟಗೆ ಕುಳಿತರು. ಆಮೇಲೆ ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ.

ಇಡೀ ಸಾಲಿನಲ್ಲಿ ಕೈ ಇಳಿಬಿಟ್ಟು ನಿಂತವನು ನಾನೊಬ್ಬನೇ. ಫೋಟೋ ನೋಡಿದಾಗಲೆಲ್ಲ ನಗು ಬರುತ್ತದೆ, ಮನಸ್ಸು ತುಂಬುತ್ತದೆ. ಒಂದೇ ಪ್ರಶ್ನೆ ಉಳಿದಿದೆ: ಮೇಷ್ಟ್ರೇ, ಹೊತ್ತಿಗೆ ಸರಿಯಾಗಿ ಮುಗಿಯದ ಆ ಕೋಟನ್ನು ನೀವು ಹೊಲಿಯಲು ಕೊಟ್ಟಿದ್ದು ಆ ಫೋಟೋಕ್ಕೆಂದೇ ಅಲ್ಲವೇ?