ಮೆಹರಿಗೆ ಕೊಟ್ಟ ಎರಡು ಹೆಡ್ಡು

ನಗಬ್ಯಾಡ್ರಿ. ಗಂಗಾವತಿ ಜುಬೇದಾಬೀಗೆ ನಿಕಾಹದ ದಿನ ಮೆಹರ್ ಅಂತ ಬಂದದ್ದು ಬಂಗಾರ ಅಲ್ಲ, ಬೆಳ್ಳಿ ಅಲ್ಲ, ಕಾರಿನ ಎರಡು ಸಿಲಿಂಡರ್ ಹೆಡ್ಡು, ಇಂಜಿನ್ನಿನ ಬಾಯಿಗೆ ಕೂಡೂ ಲೋಹದ ಮುಚ್ಚಳ. ಗಂಡ ಆದವ ಹೆಂಡ್ತಿಗೆ ಕೊಡಲೇಬೇಕಾದ್ದು ಮೆಹರ್. ಕೊಟ್ಟ ಮ್ಯಾಲ ಅದು ಆಕಿ ಒಬ್ಬಾಕಿದು, ಅದರಾಗ ಅವ ಕೈ ಹಾಕಂಗಿಲ್ಲ. ಅಂಥಾದ್ದಕ್ಕ ಹೆಡ್ಡು! ಆವತ್ತು ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ಖಾಜಿ ಸಾಹೇಬ್ರ ಪೆನ್ನು ಕಾಗದದ ಮ್ಯಾಲ ನಿಂತಬಿಡ್ತು. “ಏನಂತ ಬರೀಲೋ ಶಫೀ?” ಅಂದ್ರು. “ಇದ್ದದ್ದು ಇದ್ದಂಗ ಬರೀರಿ,” ಅಂದ ಮದುಮಗ ಶಫೀಸಾಬ. ಮೀಸಿ ಆಗಷ್ಟ ದಪ್ಪ ಆಗಿದ್ದ ಮೆಕ್ಯಾನಿಕ್ಕು, ಮಾರಿ ಮ್ಯಾಲ ಹೂವಿನ ಸೆಹರಾ, ಉಗುರಿನ ಸಂದ್ಯಾಗ ಗ್ರೀಸು.

ಹಟ ಜುಬೇದಾದು. ಆಕಿ ಸಣ್ಣಾಕಿದ್ದಾಗ ಅಬ್ಬಾ ತೀರಿದ್ದ. ಅವನ ಮಯ್ಯತ್ ಇನ್ನೂ ಎತ್ತದ ಅಂಗಳದಾಗ ಇತ್ತು. ಹೆಂಗಸರು ಆಕಿ ಅಮ್ಮಾ ಖಾಜಾಬೀನ ತೋಳು ಹಿಡಕೊಂಡು ತಂದು ಅದರ ಮುಂದ ನಿಲ್ಲಿಸಿದ್ರು. ಕೊಡದ ಉಳದ ಮೆಹರ್ ಸತ್ತವನ ಬೆನ್ನ ಮ್ಯಾಲ ಭಾರ ಆಗಿ ಹೋಗ್ತೈತಿ ಅಂತ, ಎತ್ತೂಕ್ಕಿಂತ ಮೊದಲು ಹೆಂಡ್ತಿ ಬಾಯಿಲೆ ‘ಮಾಫ್ ಮಾಡೀನಿ’ ಅನ್ನಿಸ್ತಾರ. “ಅಂದುಬಿಡವಾ, ಹಗುರಾಗಿ ಹೋಗಲಿ ಪಾಪ.” ಖಾಜಾಬೀ ಬಿಕ್ಕಿ ಬಿಕ್ಕಿ ಅಳಕೋತ ಅಂದಳು. ಅಷ್ಟು ಮಂದಿ ಬಾಯಿ ನೋಡಕೋತ ನಿಂತಾಗ ಇಲ್ಲ ಅನ್ನೂ ಧೈರ್ಯ ಯಾವ ಹೆಂಗಸಿಗೈತಿ? ಗ್ವಾಡಿಗೆ ಆತು ನಿಂತಿದ್ದ ಪೋರಿ ಅದನ್ನೆಲ್ಲಾ ನೋಡಿತ್ತು. ತನ್ನ ನಿಕಾಹ ಬಂದಾಗ ಪರದೆ ಹಿಂದಿಂದ ಒಂದ ಮಾತು ಹೇಳಿ ಕಳಿಸಿದಳು: “ಏನರ ಕೊಡ್ಲಿ, ಎಷ್ಟರ ಕೊಡ್ಲಿ, ಇವತ್ತ ನನ್ನ ಕೈಯಾಗ ಬರಬೇಕು.”

ಶಫೀಸಾಬನ ಹತ್ರ ಕೊಡಾಕ ಏನಿತ್ತು, ಮಣ್ಣು? ಇದ್ದದ್ದು ಒಂದು ಕಟ್ಟಿಗಿ ಪೆಟಗಿ. ಡ್ಯಾಮಿನ ಮುದಿ ಇಂಜಿನಿಯರೊಬ್ಬರ ಹಳೆ ಕಾರನ್ನ ಅವ ಜೀವ ಹಚ್ಚಿ ನೋಡಕೊಂಡಿದ್ದ. ಬೆನ್ನು ಆಮಿ ಚಿಪ್ಪಿನಂಗ ಗುಂಡಗ, ಇಂಜಿನ್ನು ಹಿಂದ, ಊರ ಮಂದಿ ‘ಆಮಿ ಕಾರು’ ಅಂತಿದ್ರಲ್ಲ, ಆ ನಮೂನಿದು. ಇಂಜಿನಿಯರು ವರ್ಗ ಆಗಿ ಹೋಗೂ ಮುಂದ ಖುಷಿಲೆ ಕೊಟ್ಟ ಸ್ಪೇರ್ ಹೆಡ್ಡು ಅವು, ಒಮ್ಮೆನೂ ಇಂಜಿನ್ನಿಗೆ ಏರದ ಹೊಸಾವು. ಆ ಗಾಡಿಗೆ ನೀರಿಲ್ಲ, ರೇಡಿಯೇಟರಿಲ್ಲ. ಇಂಜಿನ್ನು ತಂಪಿರಬೇಕಂದ್ರ ಗಾಳೀನ ಗತಿ. ಅದಕ್ಕ ಹೆಡ್ಡಿನ ಮೈತುಂಬ ಹಣಗಿ ಹಲ್ಲಿನಂಗ ಸಾಲುಸಾಲು ಪಟ್ಟಿ. ಪೆಟಗಿ ತಗದಾಗ ಬೆಳ್ಳಗ ಹೊಳದ್ವು. “ನನ್ನ ಹತ್ರ ಇದಕ್ಕಿಂತ ಬೆಲಿ ಇದ್ದದ್ದು ಯಾವುದೂ ಇಲ್ಲ,” ಅಂದ ಶಫೀಸಾಬ. ಆ ಮಾತಿಗೆ ಜುಬೇದಾ ಕುಬೂಲ್ ಅಂದಳು ನೋಡ್ರಿ, ಹೆಡ್ಡಿಗಲ್ಲ.

ಅವತ್ತಿನಿಂದ ಪೆಟಗಿ ಆಕಿ ಮಂಚದ ಕೆಳಗ. ವರ್ಷಾ ವರ್ಷಾ ರಂಜಾನಿನ ಮೊದಲು ಹೊರಗ ತಗದು, ಎಣ್ಣಿ ಹಚ್ಚಿ ಒರಸಿ, ತನ್ನ ಮದುವಿ ಕೆಂಪು ಓಢಣಿ ತುಂಡಿನಾಗ ಸುತ್ತಿ, ಗಂಟು ಹಾಕಿ ಇಡತಿದ್ದಳು. ಓಣಿ ಹೆಂಗಸರು ಸುಮ್ಮನ ಬಿಟ್ಟಾರ? “ಜುಬೇದಕ್ಕಾ, ಜೋಡಿ ಕೂಸಿಂದು ಎಣ್ಣಿ ಸ್ನಾನ ಆತೇನವಾ?” ಅಂತ ಕಾಡಸ್ತಿದ್ರು. “ಆತವಾ, ಜಳಕಾ ಮಾಡಿ ಮಲಗ್ಯಾವು,” ಅಂತ ಆಕಿನೂ ನಗತಿದ್ದಳು. ಒಳಗೊಳಗ ಮಾತ್ರ ಭಾಳ ಹೆಮ್ಮಿ ಆಕಿಗೆ. ಓಣ್ಯಾಗ ಯಾರ ಮೆಹರ್ ಕೈಗೆ ಬಂದಿತ್ತು? ಎಲ್ಲಾರದೂ ಕಾಗದದಾಗ ಕುಂತಿತ್ತು.

ಒಮ್ಮೆ ಮಗಳು ಅತೀಯಾಗ ಆಪರೇಶನ್ ಮಾಡಿಸೂ ಪ್ರಸಂಗ ಬಂತು. ಹಳೆ ಕಾರಿನ ಸಾಮಾನು ಕೊಳ್ಳೂ ಹೈದರಾಬಾದಿನ ವ್ಯಾಪಾರಿಯೊಬ್ಬ ಆ ಹೆಡ್ಡಿನ ಸುದ್ದಿ ಕೇಳಿ ಬಾಗಲಿಗೇ ಬಂದಿದ್ದ. ಜುಬೇದಾ ತಾನ ಪೆಟಗಿ ಎಳದು ಹೊರಗ ತಂದಳು. ಶಫೀಸಾಬ ಅಡ್ಡ ನಿಂತ. “ಅದು ನಿಂದು. ನಿನ್ನ ಗಂಟು ಮುಟ್ಟಿ ಮಗಳನ್ನ ಉಳಿಸ್ಕೊಳ್ಳೂವಷ್ಟು ಗತಿಗೇಡಿ ಆಗಿಲ್ಲ ನಾ,” ಅಂದವನ ತನ್ನ ಮೋಟರ್ ಸೈಕಲ್ ಮಾರಿದ. ಆಮ್ಯಾಲ ವರ್ಷಗಟ್ಟಲೆ ಸೈಕಲ್ ತುಳದ ಪುಣ್ಯಾತ್ಮ. ಜುಬೇದಾಬೀ ಯಾರ ಮುಂದ ಕುಂತರೂ ಈ ಕತಿ ಹೇಳದ ಎದ್ದಾಕಿ ಅಲ್ಲ.

ಇಂಥಾ ಮನಷಾ. ಇಂಥಾ ಮನಷಾ ಮಾಡಿದ ಕೆಲಸ ಕೇಳ್ರಿ ಈಗ.

ಹೋದ ಸುಗ್ಗ್ಯಾಗ ಸಿದ್ದಾಪುರ ರಸ್ತೆದಾಗಿನ ರೈಸ್ ಮಿಲ್ಲಿನ ಹಂಪಣ್ಣ ಸಾವ್ಕಾರ ಒಂದು ಆಮಿ ಕಾರು ಎಳಿಸಿಕೊಂಡು ಬಂದ. ಅವನ ಅಪ್ಪನ ಕಾಲದ್ದು, ಗೋದಾಮಿನಾಗ ತೌಡಿನ ಚೀಲದ ಹಿಂದ ಬಿದ್ದಿತ್ತು. “ಶಫೀಸಾಬ, ಮಗಳು ಶಾಂಭವಿ ಲಗ್ನ ಐತಿ. ಇದರಾಗ ಕುಂತ ಮಂಟಪಕ್ಕ ಹೋಗ್ತೀನಿ ಅಂತ ಹಟ ಹಿಡದಾಳ. ನಿನ್ನ ಬಿಟ್ರ ಇದಕ್ಕ ಯಾರದಾರ?” ಅಂದ. ಶಫೀಸಾಬ ಎದಿ ಉಬ್ಬಿಸಿ ಆಗಲಿ ಅಂದುಬಿಟ್ಟ.

ಗ್ಯಾರೇಜು ಮನಿ ಅಂಗಳದಾಗ. ಇಂಜಿನ್ನು ಇಳಿಸಿ ಬಿಚ್ಚಿದ ಮ್ಯಾಲ ಹೆಡ್ಡನ್ನ ಸೀಮಿ ಎಣ್ಣ್ಯಾಗ ತಿಕ್ಕಿ ತೊಳದಾಕಿ ಜುಬೇದಾನ. ಮಸಿ ಹೋದ ಮ್ಯಾಲ ಒಂದು ಹೆಡ್ಡಿನಾಗ, ಎರಡು ವಾಲ್ವ್ ಕೂಡೂ ತೂತಿನ ನಡಕ, ಕೂದಲೆಳಿಯಂಥಾ ಸೀಳು ಕಾಣಿಸ್ತು. ಇನ್ನೊಂದರಾಗ ವಾಲ್ವ್ ಕೂಡೂ ಜಾಗಾನ ಸವದು ಹೋಗಿತ್ತು. “ಇಲ್ನೋಡು,” ಅಂತ ಶಫೀಸಾಬ ಆ ಸೀಳಿನ ಮ್ಯಾಲ ಉಗುರು ಆಡಿಸಿ ತೋರಿಸಿದ. “ಕಾದು ಕಾದು ಬಿಟ್ಟೈತಿ. ಇದ್ರಾಗ ದಮ್ಮ ನಿಲ್ಲಂಗಿಲ್ಲ.” ವೆಲ್ಡಿಂಗ್ ಓಬಳೆಪ್ಪ ಬಂದು ಸೀಳಿಗೆ ಬೆಸಿಗಿ ಹಾಕಿದ. ಇಂಜಿನ್ನು ಕೂಡಿಸಿ ಚಾಲೂ ಮಾಡಿದ್ರು, ಚಂದಗ ತಿರುಗಿತು. ಕಾವು ಏರಿದ್ದೇ ತಡ, ಬೆಸಿಗಿ ಬಾಯಿ ಬಿಡ್ತು. ಮತ್ತ ಬಿಚ್ಚಿದ್ರು. ಹುಬ್ಬಳ್ಳಿಗೆ ಫೋನು, ಹೈದರಾಬಾದಿಗೆ ಫೋನು, ಎಲ್ಲಿ ಕೇಳಿದ್ರೂ ಹೆಡ್ಡು ಇಲ್ಲ. ಇತ್ತ ಲಗ್ನ ಹತ್ರ ಬಂತು. ಶಫೀಸಾಬಗ ಅನ್ನ ಸೇರಲಿಲ್ಲ.

ಜುಬೇದಾಗ ಗೊತ್ತಾಗದ ಇರ್ತೈತೇನು? ಆಕಿ ಮನಸಿನಾಗ ಆಗಲೇ ಕೊಟ್ಟಾಗಿತ್ತು. ಮೋಟರ್ ಸೈಕಲ್ ಮಾರಿದವನಿಗೆ ಇಷ್ಟೂ ಕೊಡದಿದ್ರ ಹೆಂಗ? ಆದರ ಒಂದ ಮಾತು ಅವ ಬಾಯಿ ಬಿಟ್ಟು ಕೇಳಬೇಕು. ಅದೊಂದ ಆಸಿ. ಕಸಾ ಹೊಡಿಯೂ ನೆವದಾಗ ಪೆಟಗೀನ ಮಂಚದ ಅಂಚಿಗೆ ಎಳದಿಟ್ಟಳು. ಉಣ್ಣಾಕ ಕುಂತವನ ಮುಂದ ಸುಮ್ಮ ಸುಮ್ಮನ ತಡ ಮಾಡಿದಳು. ಒಂದಿನ ಅವ “ಜುಬೇದಾ...” ಅಂದ. ಆಕಿ ಜೀವ ಕಿವಿಗೆ ಬಂತು. “ಏನ್ರಿ?”

“ನೀರು ಕೊಡು.”

ಅಷ್ಟರಾಗ ಮಗಳ ಗಂಡನ ಮನಿ ಕುಷ್ಟಗಿಯಿಂದ ಫೋನು ಬಂತು, ಅತೀಯಾನ ಕೂಸಿಗೆ ಜ್ವರ ಅಂತ. ಜುಬೇದಾ ಹೋದಳು. ತಿರುಗಿ ಬರೂದರಾಗ ಅಂಗಳದಾಗ ಇಂಜಿನ್ನು ಗುರ್‌ಗುಡ್ತಾ ನಿಂತೈತಿ, ಹಂಪಣ್ಣನ ಮಾರಿ ಅರಳೈತಿ. “ಹೆಡ್ಡು ಎಲ್ಲಿ ಸಿಕ್ಕವು?” ಅಂದಳು. “ಮುಂಬೈದಿಂದ ತರಿಸಿದೆ,” ಅಂದ ಶಫೀಸಾಬ, ಕೈ ತಿಕ್ಕಿ ತೊಳಕೋತ. ಆಕಿ ಅಲ್ಲೇ ನಿಂತು ಮಗಳಿಗೆ ಫೋನ್ ಹಚ್ಚಿದಳು. “ನಿಮ್ಮ ಅಬ್ಬಾನ್ನ ನೋಡು ಅತೀಯಾ, ಇಷ್ಟು ತ್ರಾಸ ಪಟ್ರೂ ನನ್ನ ಪೆಟಗಿ ಕಡೆ ಕಣ್ಣೆತ್ತಿ ನೋಡಲಿಲ್ಲ!” ಅವನಿಗೆ ಕೇಳಿಸ್ತು. ತೊಳದ ಕೈನ ಮತ್ತ ತೊಳದ.

ಲಗ್ನ ಆತು. ಶಾಂಭವಿ ಆ ಕಾರಿನಾಗ ಕುಂತು ಹೋದಳು, ಅರ್ಧ ಗಂಗಾವತಿ ನಿಂತು ನೋಡ್ತು. ಶಫೀಸಾಬನ ಹೆಸರು ಎಲ್ಲಾರ ಬಾಯಾಗ.

ರಂಜಾನ್ ಹತ್ರ ಬಂತು. ಒಂದಿನ ಮುಂಜಾನೆ ಜುಬೇದಾ ಎಣ್ಣಿ ಬಟ್ಟಲಾ ಇಟಗೊಂಡು ಪೆಟಗಿ ಎಳದಳು. ಓಢಣಿ ಗಂಟು ಕೈಗೆ ಹತ್ತಿದ ಕೂಡಲೆ ಏನೋ ಬ್ಯಾರೆ ಅನ್ನಿಸ್ತು. ಆಕಿದು ಒಂದೆಳಿ ಎಳದ್ರ ಬಿಚ್ಚೂ ಗಂಟು. ಇದು ಲಾರಿ ಹಗ್ಗಕ್ಕ ಹಾಕೂ ಗಂಟು. ಹಲ್ಲಿಲೆ ಕಚ್ಚಿ ಬಿಚ್ಚಿದಳು. ಒಳಗ ಹೆಡ್ಡು ಇದ್ವು, ಫಳಫಳ ಹೊಳೀತಿದ್ವು, ಅಷ್ಟು ತಿಕ್ಕಿ ಇಟ್ಟಿದ್ದ. ಹೊರಳಿಸಿದಳು. ಎರಡು ತೂತಿನ ನಡಕ ಓಬಳೆಪ್ಪನ ಬೆಸಿಗಿ, ಬೆಸಿಗಿ ನಡಕ ಸೀಳು. ತಾನ ತೊಳದ ಸೀಳು. ಎಣ್ಣಿ ಬಟ್ಟಲಾ ಉರುಳಿದ್ದೂ ಆಕಿಗೆ ಗೊತ್ತಾಗಲಿಲ್ಲ.

ಅಂಗಳದಾಗ ಹಂಪಣ್ಣ ಕಾರಿನ ಆಯಿಲ್ ಬದಲಿಸಾಕ ಬಂದು ಕುಂತಿದ್ದ. “ಏನ್ ಇಂಜಿನ್ನೋ ಮಾರಾಯಾ, ಹೂವಿನಂಗ ಓಡ್ತೈತಿ,” ಅಂತಿದ್ದ. ಜುಬೇದಾ ಆ ಸೀಳಿದ ಹೆಡ್ಡನ್ನ ಓಢಣಿ ಸಮೇತ ತಂದು ಇಬ್ಬರ ನಡುವ ಇಟ್ಟಳು.

“ಸಾವ್ಕಾರ್ರ, ನಿಮ್ಮ ಗಾಡ್ಯಾಗ ಇರೂದು ನನ್ನ ಮೆಹರ್.”

ಶಫೀಸಾಬನ ಮಾರಿ ಸುಣ್ಣ ಹೊಡದಂಗಾತು. ಹಂಪಣ್ಣಗ ತಿಳಿಯಾಕ ತುಸು ಹೊತ್ತು ಹಿಡೀತು. ತಿಳದ ಮ್ಯಾಲ ಎದ್ದು ನಿಂತ. “ಅಯ್ಯ ಶಿವನ! ನನಗ ಒಂದ ಮಾತು ಗೊತ್ತಿದ್ರ... ಜುಬೇದಕ್ಕಾ, ಈಗಿಂದೀಗ ಬಿಚ್ಚಿಸ್ತೀನಿ, ತಗೋರಿ.”

“ಬ್ಯಾಡ್ರಿ. ಅವು ಬೆಂಕಿ ಉಂಡಾವು, ಇನ್ನ ಅವು ಅವಲ್ಲ. ನಿಮ್ಮ ಮಗಳು ಕುಂತು ಹೋದ ಗಾಡಿ, ಓಡಲಿ. ನಿಮ್ಮದೇನೂ ತಪ್ಪಿಲ್ಲ.”

ಹಂಪಣ್ಣ ತಲಿ ತಗ್ಗಿಸಿ ಕಾರು ಅಲ್ಲೇ ಬಿಟ್ಟು ನಡಕೋತ ಹೋದ. ಅಂಗಳದಾಗ ಗಂಡ ಹೆಂಡ್ತಿ ಇಬ್ಬರ ಉಳದ್ರು.

“ಕೇಳಿದ್ರ ನೀ ಕೊಡತಿದ್ದಿ, ಗೊತ್ತಿತ್ತು ನನಗ,” ಅಂದ ಶಫೀಸಾಬ.

“ಗೊತ್ತಿದ್ದೂ ಯಾಕ ಕೇಳಲಿಲ್ಲ?”

“ನಾನ ಕೊಟ್ಟದ್ದನ್ನ ನಾನ ಕೈಯೊಡ್ಡಿ ಬೇಡೂದು... ನಾಚಿಗಿ ಬಂತು.”

“ಕದಿಯಾಕ ಬರಲಿಲ್ಲ ನಾಚಿಗಿ? ನಾ ಮನ್ಯಾಗ ಇಲ್ಲದ ಹೊತ್ತು ನೋಡಿ, ನನ್ನ ಓಢಣ್ಯಾಗ ಒಡಕು ಕಟ್ಟಿ ಇಡೂ ಮುಂದ ಬರಲಿಲ್ಲ? ನಾ ಮಗಳ ಮುಂದ ನಿಮ್ಮನ್ನ ಹೊಗಳೂ ಮುಂದ ನೀವು ಅಲ್ಲೇ ನಿಂತು ಕೇಳಿದ್ರಿ, ಆವಾಗ? ನಾ ಎಣ್ಣಿ ಹಚ್ಚಕೋತ, ಒರಸ್ಕೋತ, ಸಾಯೂತನಾ ಒಡಕಾ ಪೂಜಿಸ್ಲಿ ಅಂತಿತ್ತೇನ್ರಿ ನಿಮಗ?”

ಶಫೀಸಾಬ ಕುಕ್ಕರಗಾಲಿಲೆ ಕುಂತ. ಕಣ್ಣಾಗ ನೀರು ಬಂದ್ವು. “ತಪ್ಪಾತು ಜುಬೇದಾ. ಮಾಫ್ ಮಾಡು.”

ಅಮ್ಮಾನ ಬಾಯಿಲೆ ಅವತ್ತು ಅನ್ನಿಸಿದ್ದೂ ಇದೇ ಶಬ್ದ. ಜುಬೇದಾ ದನಿ ಎತ್ತದ ಹೇಳಿದಳು: “ಅದಕ್ಯಾಕ ಈಗ ಅವಸರ? ನಿಮ್ಮನ್ನ ಈ ಅಂಗಳದಾಗ ಮಲಗಿಸಿದ ದಿನ ನಾಕು ಮಂದಿ ನನ್ನ ತೋಳು ಹಿಡಕೊಂಡು ಬಂದು ಕೇಳ್ತಾರ. ಆವತ್ತು ಹೇಳ್ತೀನಿ, ಹೂಂ ಅಂತನೋ, ಒಲ್ಲೆ ಅಂತನೋ. ನಿಮಗ ಮಾತ್ರ ಕೇಳಸಂಗಿಲ್ಲ.”

ಒಡಕು ಹೆಡ್ಡನ್ನ ಅದೇ ಓಢಣ್ಯಾಗ ಸುತ್ತಿ, ತನ್ನ ಗಂಟು ಹಾಕಿ, ಮಂಚದ ಕೆಳಗ ತಳ್ಳಿದಳು. ಜುಬೇದಾಬೀ ಮನಿ ಬಿಟ್ಟು ಹೋಗಲಿಲ್ಲ, ಮಾತೂ ಬಿಡಲಿಲ್ಲ. ರೊಟ್ಟಿ ಬಡೀತಾಳ, ಚಹಾ ಕೊಡ್ತಾಳ. ಮೋಟರ್ ಸೈಕಲ್ಲಿನ ಕತಿ ಮಾತ್ರ ಈಗ ಯಾರ ಮುಂದೂ ಹೇಳಂಗಿಲ್ಲ. ಮೊನ್ನೆ ಶಫೀಸಾಬಗ ಜ್ವರ ಬಂದು ಹಾಸಗಿ ಹಿಡದಿದ್ದ. ಕಣ್ಣು ತಗದಾಗೊಮ್ಮೆ ಆಕಿ ಮಾರಿ ನೋಡತಿದ್ದ, ಅಲ್ಲಿ ಹೂಂ ಐತೋ, ಒಲ್ಲೆ ಐತೋ ಅಂತ. ಆಕಿ ಒದ್ದಿ ಅರಬಿ ಹಿಂಡಿ ಅವನ ಹಣಿ ಮ್ಯಾಲ ಹಾಕಿದಳು, ಗುಳಿಗಿ ನುಂಗಿಸಿದಳು, ಚಾದರ ಹೊಚ್ಚಿ ರೊಟ್ಟಿ ಬಡಿಯಾಕ ಎದ್ದು ಹೋದಳು.